ಹಿಡಿದ ಚೆಂಡನ್ನು ಎಸೆದುಬಿಡುವ ಪರ್ಲ್ ಬಾಯಿ

ನಲವತ್ತು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಭಕ್ತಿ ಬರುತ್ತದೆ, ಉಳಿದವರಿಗೆ ಊರಲ್ಲೊಂದು ಮನೆ ಕಟ್ಟುವ ಹುಚ್ಚು ಬರುತ್ತದೆ. ದುಬೈಯ ಅಲ್ ಬರ್ಷಾದಲ್ಲಿ ಊರಿನವರು ಗೌರವಕ್ಕೆ 'ಬಾಯಿ' ಎಂದು ಕರೆಯುವ ಪರ್ಲ್ ಕ್ಯಾಸ್ಟಲಿನೊಗೆ ಅಮೆರಿಕನ್ ಫುಟ್‌ಬಾಲ್ ಬಂತು. ಅದೂ ಎಲ್ಲೋ ಅಂಚಿನಲ್ಲಿ ನಿಂತು ಚಪ್ಪಾಳೆ ತಟ್ಟುವ ಕೆಲಸವಲ್ಲ. ರಕ್ಷಣೆಯ ನಟ್ಟನಡುವೆ ನಿಲ್ಲುವ ಲೈನ್‌ಬ್ಯಾಕರ್ ಜಾಗ.

ಬಂದದ್ದು ಹೇಗೆಂದರೆ, ಮಗಳು ಜೆಸ್ಸಿಯ ಶಾಲೆಯ ಆಟದ ಟೀಚರ್ ಸ್ಟೇಸಿ ಎಂಬ ಅಮೆರಿಕದವಳು ಹುಡುಗಿಯರನ್ನೂ ಅಮ್ಮಂದಿರನ್ನೂ ಕಲೆಹಾಕಿ ಒಂದು ತಂಡ ಕಟ್ಟುತ್ತಿದ್ದಳು. ಮೊಬೈಲಿಗೆ ಅಂಟಿಕೊಂಡ ಮಗಳಿಗೆ ಸ್ವಲ್ಪ ಬಿಸಿಲು ತಾಗಲಿ ಎಂದು ಪರ್ಲ್ ಅವಳನ್ನು ಮೈದಾನಕ್ಕೆ ಎಳೆದುಕೊಂಡು ಹೋದಳು. ಜೆಸ್ಸಿ "ನೋ ವೇ, ಮಮ್ಮಾ" ಎಂದು ಕಾರಿನಿಂದ ಇಳಿಯಲೇ ಇಲ್ಲ. ಅಷ್ಟು ದೂರ ಹೋಗಿ ಸುಮ್ಮನೆ ಮರಳಲು ಪರ್ಲ್‌ಗೆ ನಾಚಿಕೆಯಾಯಿತು. ತನ್ನ ಹೆಸರನ್ನೇ ಕೊಟ್ಟು ಬಂದಳು.

ಆಟ ಇಷ್ಟೇ. ಮೊಟ್ಟೆಯಾಕಾರದ ಒಂದು ಚೆಂಡು. ಎದುರಾಳಿಗಳ ಕ್ವಾರ್ಟರ್‌ಬ್ಯಾಕ್ ಎಂಬಾಕೆ ಅದನ್ನು ಓಡುತ್ತಿರುವ ತನ್ನವರಿಗೆ ಎಸೆಯುತ್ತಾಳೆ. ಹೆಂಗಸರ ಈ ಆಟದಲ್ಲಿ ಡಿಕ್ಕಿ ಹೊಡೆದು ಬೀಳಿಸುವುದಿಲ್ಲ, ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಯ ಪಟ್ಟಿಯನ್ನು ಕಿತ್ತರೆ ಓಟ ಖಲಾಸ್. ಎಸೆದ ಚೆಂಡು ಅವರವರಿಗೆ ಸೇರದ ಹಾಗೆ ನಡುವೆ ನಿಂತು ಕಾಯುವವಳೇ ಲೈನ್‌ಬ್ಯಾಕರ್. ಚೆಂಡು ತನ್ನ ಕೈಗೇ ಸಿಕ್ಕಿತೆಂದರೆ ಹಬ್ಬ. ಅಲ್ಲಿಂದ ಅದು ತನ್ನ ತಂಡದ ಸೊತ್ತು.

ಸ್ಟೇಸಿಯ ಅಪ್ಪ ಅಮೆರಿಕದ ಒಂದು ಸಣ್ಣ ಕಾಲೇಜಿನಲ್ಲಿ ಲೈನ್‌ಬ್ಯಾಕರ್‌ಗಳ ತರಬೇತುದಾರನಾಗಿದ್ದವನು. ಅಲ್ಲಿನ ದಾಂಡಿಗ ಹುಡುಗರಿಗೆ ಕಲಿಸಿದ್ದನ್ನೇ ಇವಳು ದುಬೈಯ ಅಮ್ಮಂದಿರಿಗೆ ಒಂದಿಷ್ಟೂ ರಿಯಾಯಿತಿ ಇಲ್ಲದೆ ಕಲಿಸಿದಳು. ಒಬ್ಬಳ ಬೆನ್ನು ಬಿಡದೆ ಓಡುವುದು ಒಂದು ವಿದ್ಯೆ. ಅದರಲ್ಲಿ ಪರ್ಲ್ ಸೋತಳು, ಮೊಣಕಾಲು ಒಪ್ಪಲಿಲ್ಲ. ಇನ್ನೊಂದು ವಿದ್ಯೆ, ಜಾಗ ಕಾಯುವುದು. ಆಟ ಶುರುವಾದೊಡನೆ ಸೊಂಟ ತಿರುಗಿಸಿ ಹಿಂದಕ್ಕೆ ಸರಿದು ತನ್ನ ಪಾಲಿನ ನೆಲದಲ್ಲಿ ನಿಲ್ಲಬೇಕು. ಕಣ್ಣು ಓಡುವವರ ಮೇಲಲ್ಲ, ಕ್ವಾರ್ಟರ್‌ಬ್ಯಾಕಿನ ಭುಜದ ಮೇಲೆ. ನೆಲದೊಳಗೆ ಬಂದವಳು ನಿನ್ನವಳು, ದಾಟಿ ಹೋದವಳನ್ನು ಕೂಗಿ ಪಕ್ಕದವಳಿಗೆ ಒಪ್ಪಿಸು.

ಪರ್ಲ್ ಇದನ್ನು ನೀರು ಕುಡಿದಷ್ಟು ಸಲೀಸಾಗಿ ಕಲಿತಳು. ಯಾಕೆ ಕಲಿಯಬಾರದು? ಆಸ್ಪತ್ರೆಯೊಂದರ ರಿಸೆಪ್ಶನ್ನಿನಲ್ಲಿ ವರ್ಷಗಟ್ಟಲೆ ಅವಳು ಮಾಡಿದ್ದು ಅದನ್ನೇ. ಚೆಂಡನ್ನು ಬೇರೊಬ್ಬಳಿಗೆ ಕೊಟ್ಟಂತೆ ನಟಿಸಿ ಲೈನ್‌ಬ್ಯಾಕರನ್ನು ಮುಂದಕ್ಕೆ ಎಳೆಯುವ ಮೋಸವೊಂದಿದೆ, ದೊಡ್ಡ ದೊಡ್ಡ ಕಾಲೇಜು ಹುಡುಗರೂ ಅದಕ್ಕೆ ಬೀಳುತ್ತಾರಂತೆ. ಪರ್ಲ್ ಬೀಳಲಿಲ್ಲ. "ಒಂದೇ ನಿಮಿಷ ಮೇಡಂ, ಬರೀ ಕೇಳ್ಲಿಕ್ಕೆ" ಎಂದು ಸಾಲು ಮುರಿದು ನುಗ್ಗುವವರನ್ನು ಎಷ್ಟು ಜನರನ್ನು ನೋಡಿಲ್ಲ ಅವಳು! ಅವರಿಗೆಲ್ಲ ಅವಳದು ಒಂದೇ ಅರಬ್ಬಿ ಮಾತು, 'ಮಾಫಿ', ಅಂದರೆ ಇಲ್ಲ.

"ಪರ್ಲ್, ಈ ನಡುವಿನ ಜಾಗ ನಿನ್ನದು," ಎಂದಳು ಸ್ಟೇಸಿ.

ಆ ದಿನ ಪರ್ಲ್ ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ಹಾಡಿದಳು. ಬಾಡಿಗೆಯ ಫ್ಲ್ಯಾಟು, ವೀಸಾದ ಮೇಲಿನ ಬದುಕು, ನಾಳೆ ಬೇರೊಬ್ಬರು ಕೂರಬಹುದಾದ ಕುರ್ಚಿ. ಇಷ್ಟು ವರ್ಷದ ಗಲ್ಫಿನಲ್ಲಿ ಯಾರೂ ಅವಳಿಗೆ 'ಇದು ನಿನ್ನ ಜಾಗ' ಎಂದಿರಲಿಲ್ಲ. ಅವಳಿಗೆ ಅದು ಬೇಕಿತ್ತು, ಮಕ್ಕಳಿಗೆ ಮಿಠಾಯಿ ಬೇಕಾಗುವ ಹಾಗೆ ಬೇಕಿತ್ತು.

ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ಎದುರಾಳಿಗಳ ಕ್ವಾರ್ಟರ್‌ಬ್ಯಾಕ್, ನಾದೀನ್ ಎಂಬ ಲೆಬನಾನಿನ ಉದ್ದನೆಯ ಹೆಂಗಸು, ಚೆಂಡೆಸೆದಳು. ಪರ್ಲ್ ಅದನ್ನು ಭುಜದಲ್ಲೇ ಓದಿ, ಸರಿಯಾದ ಹೊತ್ತಿಗೆ ಸರಿಯಾದ ಕಡೆ ಹಾರಿ, ಎರಡೂ ಕೈಯಲ್ಲಿ ಹಿಡಿದಳು. ತಂಡವೆಲ್ಲ ಕಿರುಚಿತು. ಮರುಕ್ಷಣವೇ ಪರ್ಲ್ ಚೆಂಡನ್ನು ತಲೆಯ ಮೇಲೆತ್ತಿ ಬೀಸಿ ಎದುರಾಳಿಗಳ ಕಡೆಗೆ ಎಸೆದುಬಿಟ್ಟಳು! ನಾದೀನ್‌ಳೇ ಅದನ್ನು ಹಿಡಿದು, ಒಂದು ಗಳಿಗೆ ಬೆರಗಾಗಿ ನೋಡಿ, ಓಡಿ ಅಂಕ ಗಳಿಸಿದಳು. ಹಾಗೆ ಮುಂದಕ್ಕೆ ಎಸೆಯುವುದು ತಪ್ಪೆಂದು ಅಂಪೈರ್ ದಂಡ ಹಾಕಹೊರಟರೆ, "ದಂಡ ಬೇಡ, ನಮಗೆ ಅಂಕವೇ ಸಾಕು" ಎಂದು ಎದುರಾಳಿಗಳು ನಗುನಗುತ್ತ ಬಿಟ್ಟುಕೊಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತನ್ನು ಎದುರು ಮನೆಯವರಿಗೆ ಬಡಿಸಿಯಾಗಿತ್ತು.

"ಮಮ್ಮಾ, ಯು ಥ್ರೂ ಇಟ್ ಟು ದೆಮ್!" ಜೆಸ್ಸಿ ಕಾರಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾನಲ್ಲ ಮಾರಾಯ್ತಿ, ಕೈ!" ಎಂದಳು ಪರ್ಲ್.

ಕೈ ಹೌದು. ಊರಿನ ಕಾನ್ವೆಂಟಿನಲ್ಲಿ ಪರ್ಲ್ ಥ್ರೋಬಾಲ್ ತಂಡದ ನಾಯಕಿ. ಚೆಂಡನ್ನು ಹಿಡಿದವಳು ಮೂರು ಸೆಕೆಂಡಿನೊಳಗೆ ಬಲೆಯಾಚೆ ಎಸೆಯಬೇಕು, ಮೈಗೆ ತಾಗಿದರೆ ಫೌಲ್. ಸಿಸ್ಟರ್ ಅಗಾತಾ ಬೆತ್ತ ಹಿಡಿದು "ಹಿಡಿ, ಎಸೆ! ಹಿಡಿ, ಎಸೆ!" ಎಂದು ಐದು ವರ್ಷ ಕುಣಿಸಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು. ಕಾನ್ವೆಂಟಿನ ಗುಣ ಅದಕ್ಕಿಂತ ಗಟ್ಟಿ.

ಎರಡನೆಯ ಪಂದ್ಯದಲ್ಲೂ ಪರ್ಲ್ ಹಿಡಿದಳು, ಎಸೆದಳು. ಆಮೇಲೆ ಸುದ್ದಿ ಹಬ್ಬಿತು. ಅವಳ ಕೈಗೆ ಚೆಂಡು ಸಿಕ್ಕರೆ ಸಾಕು, ಎದುರಾಳಿಗಳು ಭಿಕ್ಷೆಗೆ ಬಂದವರ ಹಾಗೆ ಎರಡೂ ಕೈ ಚಾಚಿ "ಇಲ್ಲಿ, ಇಲ್ಲಿ!" ಎನ್ನತೊಡಗಿದರು.

ಸ್ಟೇಸಿ ಅವಳನ್ನು ಬದಿಗೆ ಕರೆದಳು. "ನಮ್ಮಪ್ಪನ ಹುಡುಗರಲ್ಲೂ ನಿನ್ನಷ್ಟು ಚೆನ್ನಾಗಿ ಜಾಗ ಕಾಯುವವರು ಕಡಿಮೆ. ಆದರೆ ಇನ್ನೊಂದು ಸಲ ಎಸೆದರೆ ನಡುವೆ ಶಮೀಮ ನಿಲ್ಲುತ್ತಾಳೆ. ಈ ಸೀಸನ್ ಪೂರ್ತಿ."

ಶಮೀಮ ಪಕ್ಕದ ಜಾಗ ಕಾಯುವ ಉಪ್ಪಿನಂಗಡಿಯ ದಂತವೈದ್ಯೆ. ಒಳ್ಳೆಯವಳು, ಪಾಪ. "ನನಗೆ ಬೇಡ ಪರ್ಲಕ್ಕ, ನನಗೆ ನಡುವೆ ಹೆದರಿಕೆ ಆಗ್ತದೆ. ನೀವೇ ಹೇಗಾದ್ರೂ ಹಿಡ್ಕೊಳ್ಳಿ" ಎಂದು ಕೈಮುಗಿದಳು.

ಆ ವಾರ ಕ್ಯಾಸ್ಟಲಿನೊ ಮನೆಯಲ್ಲಿ ಯಾವ ವಸ್ತುವೂ ನೆಟ್ಟಗೆ ಕೈಯಿಂದ ಕೈಗೆ ಹೋಗಲಿಲ್ಲ. ಗಂಡ ಫ್ಲಾಯ್ಡ್ ಜುಮೇರಾ ಲೇಕ್ ಟವರ್ಸ್‌ನ ಹೋಟೆಲೊಂದರಲ್ಲಿ ಮದುವೆ ಊಟಗಳ ಉಸ್ತುವಾರಿ ನೋಡುವವನು, ಗಂಭೀರ ಮನುಷ್ಯ. ಅವನೀಗ ಬಾಗಿಲ ಮರೆಯಿಂದ ದಿಂಬು ಎಸೆದ, ಕುಬೂಸ್ ರೊಟ್ಟಿಯ ಪೊಟ್ಟಣ ಎಸೆದ, ಒಮ್ಮೆ ಹುರುಪಿನಲ್ಲಿ ತೆಂಗಿನಕಾಯಿಯನ್ನೂ ಎತ್ತಿದ್ದ, ಜೆಸ್ಸಿ ತಡೆದಳು. ಹಿಡಿದದ್ದನ್ನು ಎದೆಗೆ ಅವಚಿಕೊಂಡು ಬಾಲ್ಕನಿಯವರೆಗೆ ಓಡಬೇಕು, ಅದು ನಿಯಮ. ಹಿಂದೆ ಜೆಸ್ಸಿ ಅಮ್ಮನ ಸೊಂಟಕ್ಕೆ ಸಿಕ್ಕಿಸಿದ ಅಡುಗೆಮನೆಯ ಮಸಿಬಟ್ಟೆ ಕಿತ್ತುಕೊಳ್ಳಲು ಬೊಬ್ಬೆ ಹೊಡೆಯುತ್ತ ಬರುತ್ತಿದ್ದಳು. ಮೊಬೈಲು ಸೋಫಾದ ಸಂದಿಯಲ್ಲಿ ಬಿದ್ದಿದ್ದರೂ ಅವಳಿಗೆ ಗೊತ್ತಾಗಲಿಲ್ಲ.

"ಎದೆಗೆ ಒತ್ತು, ಎದೆಗೆ!" ಎಂದು ಫ್ಲಾಯ್ಡ್ ಕಿರುಚುವುದು ಕೇಳಿ ಕೆಳಗಿನ ಮನೆಯ ಮೊಯ್ದಿನಬ್ಬ ಮೇಲೆ ಬಂದು, "ಎಂತ, ಪರ್ಲ್ ಬಾಯಿಗೆ ಎದೆನೋವಾ? ಗಾಡಿ ತೆಗೀಲಾ?" ಎಂದು ಕೇಳಿದರು.

ಆದರೂ ದಿಂಬುಗಳಲ್ಲಿ ಅರ್ಧಕ್ಕರ್ಧ ಫ್ಲಾಯ್ಡನ ಮುಖಕ್ಕೇ ವಾಪಸ್ಸಾಗುತ್ತಿದ್ದವು.

ಲೀಗಿನ ಕೊನೆಯ ಪಂದ್ಯ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮೈದಾನದಲ್ಲಿ, ಶನಿವಾರ ಬೆಳಿಗ್ಗೆ, ಅದೇ ನಾದೀನಳ ತಂಡದ ಮೇಲೆ. ಗೆದ್ದವರು ಫೈನಲಿಗೆ. ಕೊನೆಯ ಎಸೆತದ ಹೊತ್ತಿಗೆ ಪರ್ಲ್‌ಳ ತಂಡ ಒಂದೇ ಅಂಕ ಮುಂದಿತ್ತು, ನಾದೀನಳವರು ಗೆರೆಯ ಹತ್ತಿರ ಬಂದು ನಿಂತಿದ್ದರು.

ಆಟ ಶುರುವಾಯಿತು. ನಾದೀನ್ ಚೆಂಡನ್ನು ಪಕ್ಕದವಳಿಗೆ ಕೊಟ್ಟಂತೆ ನಟಿಸಿದಳು. ಪರ್ಲ್ ಕದಲಲಿಲ್ಲ. ಸೊಂಟ ತಿರುಗಿತು, ಹಿಂದೆ ಸರಿದಳು, ಕಣ್ಣು ಭುಜದ ಮೇಲೆ. ಒಬ್ಬಳು ಅಡ್ಡಲಾಗಿ ಓಡಿ ಅವಳನ್ನು ಸೆಳೆಯಲು ನೋಡಿದಳು. "ಶಮೀಮ, ಬಂದಳು, ನಿನ್ನವಳು!" ಎಂದು ಕೂಗಿ ಅವಳನ್ನು ಒಪ್ಪಿಸಿ ಪರ್ಲ್ ತನ್ನ ನೆಲದಲ್ಲೇ ನಿಂತಳು. ನಾದೀನಳ ಭುಜ ಒಂದಿಷ್ಟು ಎಡಕ್ಕೆ ವಾಲಿತು. ಅಷ್ಟು ಸಾಕು. ಪರ್ಲ್ ಹಾರಿದಳು.

ಚೆಂಡು ಕೈಯಲ್ಲಿತ್ತು.

ಕೈಗಳು ತಾವಾಗಿಯೇ ತಲೆಯ ಮೇಲೆ ಹೋದವು. ಎದುರಿಗೆ ನಾದೀನ್ ಎರಡೂ ಕೈ ಚಾಚಿ, "ಇಲ್ಲಿ, ಹಬೀಬ್ತಿ, ಇಲ್ಲಿ!" ಎಂದು ಜೇನಿನಂಥ ದನಿಯಲ್ಲಿ ಕರೆದಳು. ಸ್ಟೇಸಿ ಕಣ್ಣು ಮುಚ್ಚಿಕೊಂಡಳು. ಗೆರೆಯಾಚೆ ಜೆಸ್ಸಿಯ ಜೊತೆ ನಿಂತಿದ್ದ ಫ್ಲಾಯ್ಡ್ ಗಂಟಲು ಹರಿಯುವಂತೆ "ಎದೆಗೆ!" ಎಂದ. ಎಸೆದರೆ ಈ ನೆಲ ಶಮೀಮಳದು, ಹಿಡಿದರೆ ತನ್ನದು. ಪರ್ಲ್ ಹಲ್ಲು ಕಚ್ಚಿ, ಯಾರದೋ ಕೈಯಿಂದ ಕಿತ್ತುಕೊಂಡವಳ ಹಾಗೆ, ಚೆಂಡನ್ನು ಕೆಳಗೆಳೆದು ಎದೆಗೆ ಒತ್ತಿಕೊಂಡಳು.

ಅಲ್ಲಿಗೇ ಗೆದ್ದಾಗಿತ್ತು. ಸುಮ್ಮನೆ ಕೂತರೆ ಸಾಕಿತ್ತು. "ಕೂತುಕೋ ಪರ್ಲ್, ಕೂತುಕೋ!" ಎಂದು ಇಡೀ ತಂಡ ಕೂಗಿತು. ಪರ್ಲ್ ಓಡಿದಳು! ಮೊಣಕಾಲಿನ ಗೊಡವೆಯೇ ಇಲ್ಲ, ನಾದೀನಳನ್ನು ದಾಟಿ, ಇಡೀ ಮೈದಾನ ದಾಟಿ, ಆಚೆಯ ಗೆರೆಯನ್ನೂ ದಾಟಿ, ಕಾರುಗಳು ನಿಂತಿದ್ದ ಕಡೆಗೆ ನುಗ್ಗಿದಳು. ನಗು ತಡೆಯಲಾರದೆ, ಅಳುವೂ ತಡೆಯಲಾರದೆ, ಯಾರದೋ ಬಿಳಿ ಪ್ರಾಡೊ ಕಾರಿಗೆ ಒರಗಿ ನಿಂತಳು. ಬೆನ್ನ ಹಿಂದೆ ಜೆಸ್ಸಿ "ಮಮ್ಮಾ! ಮಮ್ಮಾ!" ಎಂದು ಚೀರುತ್ತ ಓಡಿ ಬರುತ್ತಿದ್ದಳು.

ಸುಡಾನಿನ ಮುದಿ ಅಂಪೈರ್ ಏದುಸಿರು ಬಿಡುತ್ತ ಅವರಿಬ್ಬರ ಹತ್ತಿರ ಬಂದ. "ಮಬ್ರೂಕ್, ಮೇಡಂ," ಎಂದು ಅಭಿನಂದಿಸಿ, ನಕ್ಕು ಕೈ ಚಾಚಿದ. "ಯಲ್ಲಾ, ಚೆಂಡು ಕೊಡಿ."

ಪರ್ಲ್ ಅವನ ಕೈಯನ್ನು ನೋಡಿದಳು. ಚೆಂಡನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು.

"ಮಾಫಿ," ಎಂದಳು.