ಯಮನಮ್ಮನಿಗೆ ಹೇಳದೆ ಉಳಿದ ಮಾತು

ಮಹಾಗಾಂವದ ಚಂದಮ್ಮನ ಗುರುತಿಲ್ಲದ ಗುಮಾಸ್ತ ಕಮಲಾಪುರದ ಕಚೇರಿಗಳಲ್ಲಿ ಒಬ್ಬನೂ ಇಲ್ಲ. ಗುರುತು ಅಂದರೆ ಪ್ರೀತಿಯ ಗುರುತಲ್ಲ. ಆಕೆ ಗೇಟಿನೊಳಗೆ ಕಾಲಿಟ್ಟಳೆಂದರೆ ಚಹಾ ಕುಡಿಯುತ್ತ ಕುಳಿತವರು ಕಪ್ಪು ಕೆಳಗಿಟ್ಟು ಫೈಲು ಹುಡುಕತೊಡಗುತ್ತಿದ್ದರು.

ಮೂರನೆಯ ಇಯತ್ತೆಗೇ ಸಾಲಿ ಬಿಟ್ಟ ಹೆಣ್ಣುಮಗಳು. ಇಪ್ಪತ್ತು ವರ್ಷದ ಹಿಂದೆ ಪಕ್ಕದ ಮನೆಯ ನೀಲಗಂಗಮ್ಮನ ಗಂಡ ತೀರಿಕೊಂಡ. ವಿಧವಾ ವೇತನಕ್ಕೆಂದು ನೀಲಗಂಗಮ್ಮ ಹನ್ನೊಂದು ಸಲ ಕಮಲಾಪುರಕ್ಕೆ ಅಲೆದಳು. ಹನ್ನೊಂದು ಸಲವೂ ‘ನಾಳೆ ಬಾ’. ಆ ಗುಮಾಸ್ತನ ಕೈಗೇನು ಲಕ್ವಾ ಹೊಡೆದಿರಲಿಲ್ಲ. ಬಡ ಹೆಂಗಸಿನ ಅರ್ಜಿ ಅಂದರೆ ಅವನಿಗೆ ಕೈ ಒರೆಸುವ ಕಾಗದ, ಅಷ್ಟೇ.

ಹನ್ನೆರಡನೆಯ ಸಲ ಚಂದಮ್ಮ ಜೊತೆಗೆ ಹೊರಟಳು. ಇನ್ನೂ ಮೂವರನ್ನು ಕರೆದುಕೊಂಡಳು. ಐದೂ ಮಂದಿಯ ಬಗಲಲ್ಲಿ ಒಂದೊಂದು ಮೊರ, ಒಂದೊಂದು ಚೀಲ ತೊಗರಿ. ಹೋದವರೇ ಕಚೇರಿಯ ಪಡಸಾಲೆಯಲ್ಲಿ ಕುಳಿತು ಕೇರತೊಡಗಿದರು. ಘೋಷಣೆಯಿಲ್ಲ, ಬೈಗುಳವಿಲ್ಲ. ಹೊಟ್ಟು ಹಾರಿ ಹಾರಿ ಸಾಹೇಬರ ಮೇಜಿನ ಮೇಲೆ ಕೂತಿತು.

ಸಾಹೇಬ ಎದ್ದು ಬಂದ. “ಏ, ಇದು ಆಫೀಸೇನು, ಕಣ ಏನು?”

“ನೀವು ನಿಮ್ಮ ಕೆಲಸ ಮಾಡೋ ತನಕ ನಾವು ನಮ್ಮ ಕೆಲಸ ಮಾಡ್ಕೋತ ಕುಂತಿರ್ತೀವ್ರಿ ಸಾಹೇಬ್ರ,” ಅಂದಳು ಚಂದಮ್ಮ. “ನಮಗೇನೂ ಅವಸರ ಇಲ್ಲ.”

“ಹೊಟ್ಟು ಕಣ್ಣಾಗ ಬಿದ್ರ ಹೇಳ್ರಿ,” ಅಂದಳು ನೀಲಗಂಗಮ್ಮ, “ಸೆರಗಿಲೆ ಊದ್ತೀನಿ.”

ಮೂರನೆಯ ದಿನ ವೇತನದ ಹುಕುಂ ಬಂತು. ಊರ ಹೆಂಗಸರ ಸಂಘ ಹುಟ್ಟಿದ್ದು ಹಾಗೆ. ಅಂಗನವಾಡಿಗೆ ಸೂರು ಬಂದದ್ದು, ಸಾಲಿಯ ಹೆಣ್ಣುಮಕ್ಕಳಿಗಾಗಿ ಕ್ರಾಸಿನಲ್ಲಿ ಬಸ್ಸು ನಿಲ್ಲತೊಡಗಿದ್ದು, ಎಲ್ಲ ಆ ಮೊರದಿಂದಲೇ. ಮುಂದೆ ಗಂಡನ ಮನೆಯಲ್ಲಿ ಹೊಡೆತ ತಿನ್ನುವ ಹುಡುಗಿಯರ ಮನೆಬಾಗಿಲಲ್ಲೂ ಐವರು ಹೋಗಿ ಕುಳಿತರು. ಓಣಿಯವರೆಲ್ಲ ನೋಡುವಂತೆ ಕೇರುತ್ತ ಕುಳಿತರೆ ಎಂಥ ಗಂಡಸಿನ ಮೀಸೆಯೂ ಕೆಳಗಿಳಿಯುತ್ತಿತ್ತು.

ಐವರಿಗಿಂತ ಕಡಿಮೆ ಹೋಗಬಾರದು ಎಂಬ ಕಟ್ಟು ಬಿದ್ದದ್ದು ಕೌಸರಳಿಂದ. ಆಕೆಯೂ ಸಂಘದವಳೇ. ತಂಗಿಗೆ ಅತ್ತೆಯ ಕಾಟವೆಂದು ತಿಳಿದು ತಡೆಯಲಾರದೆ ಒಬ್ಬಳೇ ಹೋದಳು. ಆ ಮನೆಯವರು ಮೂಗುತಿ ಕದ್ದಳೆಂದು ಸುಳ್ಳು ಹೊರಿಸಿ ದಿನವಿಡೀ ಠಾಣೆಯಲ್ಲಿ ಕೂಡಿಸಿದರು. ಅಂದು ಚಂದಮ್ಮ ಎಲ್ಲರಿಂದ ಮೊರ ಮುಟ್ಟಿಸಿ ಆಣೆ ತೆಗೆದುಕೊಂಡಳು: ಐವರು ಕೂಡದೆ ಯಾರೂ ಇಂಥ ಕೆಲಸಕ್ಕೆ ಊರು ಬಿಡಬಾರದು. ಆಣೆ ಹದಿನಾರು ವರ್ಷ ನಡೆಯಿತು. ಒಮ್ಮೆಯೂ ಯಾರೂ ಮುರಿಯಲಿಲ್ಲ.

ಹೋದ ವರ್ಷದ ಜನವರಿ. ತೊಗರಿ ರಾಶಿಯ ದಿನಗಳು. ಮುಂಜಾನೆ ಹತ್ತಕ್ಕೆ ಚಂದಮ್ಮನ ಫೋನು ರಿಂಗಾಯಿತು. ಸಂಘದ ಯಮನಮ್ಮನ ಮಗಳು ರಾಜೇಶ್ರೀ. ಎರಡು ವರ್ಷದ ಹಿಂದೆ ಆಕೆಯನ್ನು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಬಾಡಿಗೆಗಿದ್ದ ರೇವಣನಿಗೆ ಕೊಟ್ಟಿದ್ದರು. ಯಮನಮ್ಮನ ಹತ್ತಿರ ಫೋನಿರಲಿಲ್ಲ. ಮಗಳು ಮಾತಾಡಬೇಕೆಂದರೆ ಚಂದಮ್ಮನಿಗೇ ಹಚ್ಚುತ್ತಿದ್ದಳು.

“ಕಾಕಿ, ಅವ್ವಗ ಇವತ್ತೇ ಕಳಸ್ರಿ.” ಹುಡುಗಿಯ ದನಿ ಬಿಕ್ಕುತ್ತಿತ್ತು. “ಈಗಿಂದೀಗ ಕಳಸ್ರಿ. ಇವರು ನನಗ ಉಳಸಂಗಿಲ್ಲ.”

“ಹಂಗ ಅನಬ್ಯಾಡ ಮಗಳ. ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಐದೂ ಮಂದಿ ಬರ್ತೀವಿ. ಇವತ್ತ ಎಲ್ಲಾರೂ ರಾಶಿಗಿ ಹೋಗ್ಯಾರ.”

“ನಾಳಿಗಿ ನಾ ಇರಂಗಿಲ್ಲರಿ ಕಾಕಿ. ಅವ್ವ ಒಬ್ಬಾಕೀನೇ ಬರ್ಲಿ…”

ಅಲ್ಲಿಗೆ ಕಟ್ಟಾಯಿತು. ತಿರುಗಿ ಹಚ್ಚಿದರೆ ಸ್ವಿಚ್ ಆಫ್.

ಚಂದಮ್ಮ ರಾಶಿ ನಡೆದಿದ್ದ ಜಗದೇವಪ್ಪನ ಹೊಲಕ್ಕೆ ನಡೆದಳು. ರಾಶಿ ಮಷೀನಿನ ಗದ್ದಲ, ಧೂಳು. ಆಕೆಯನ್ನು ಕಂಡ ನೀಲಗಂಗಮ್ಮ ಕೂಗಿದಳು, “ಬಂದ್ಲು ನೋಡ್ರಿ ನಮ್ಮ ಕಲೆಕ್ಟರ್! ಬ್ಯಾಗ್ ಒಂದಿಲ್ಲ ನೋಡ್ ಕೈಯಾಗ!” ಎಲ್ಲರೂ ನಕ್ಕರು. ಯಮನಮ್ಮನೂ ಧೂಳು ಮೆತ್ತಿದ ಮುಖದಲ್ಲಿ ನಗುತ್ತಿದ್ದಳು.

ಹಾದಿಯುದ್ದಕ್ಕೂ ಚಂದಮ್ಮ ಯೋಚಿಸಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಯಮನಮ್ಮ ಕೈಯಲ್ಲಿದ್ದ ಬುಟ್ಟಿ ಬಿಸಾಕಿ ಒಬ್ಬಳೇ ಓಡುತ್ತಾಳೆ. ಅಲ್ಲಿ ಆಕೆಗೂ ಕೌಸರಳ ಗತಿ. ಹೊಡೆತ ತಿಂದ ಹುಡುಗಿಯರು ಫೋನಿನಲ್ಲಿ ಹೀಗೇ ಅನ್ನುತ್ತಾರೆ. ಇಂಥ ಮಾತು ಹತ್ತು ಸಲ ಕೇಳಿದ್ದಳು, ಹತ್ತು ಸಲವೂ ಮರುದಿನ ಹೋದಾಗ ಹುಡುಗಿ ಬಾಗಿಲಲ್ಲಿ ನಿಂತಿರುತ್ತಿದ್ದಳು.

“ನಿನ್ನ ಮಗಳು ಫೋನ್ ಮಾಡಿದ್ಲು,” ಅಂದಳು. “ಮತ್ತ ಏನೋ ಸಣ್ಣ ಜಗಳ ಅಂತ. ನಾಳೆ ಎಲ್ಲಾರೂ ಕೂಡಿ ಹೋಗಮು.”

“ಅಳಾಕತ್ತಿದ್ಲೇನಕ್ಕಾ?”

“ಇಲ್ಲ.”

ಇಷ್ಟೇ. ಇಪ್ಪತ್ತು ವರ್ಷ ಸಾಹೇಬರ ಸುಳ್ಳಿನ ಜೊತೆ ಬಡಿದಾಡಿದ ಹೆಂಗಸು ಒಂದು ಸಣ್ಣ ಸುಳ್ಳು ಹೇಳಿದಳು.

ಸಂಜೆ ಆರಕ್ಕೆ ಅದೇ ಫೋನು ಮತ್ತೆ ರಿಂಗಾಯಿತು. ಈ ಸಲ ಖೂಬಾ ಪ್ಲಾಟಿನ ನೆರೆಮನೆಯ ಹೆಂಗಸು. ರಾಜೇಶ್ರೀ ಐದರ ಸುಮಾರಿಗೆ ತೀರಿಕೊಂಡಿದ್ದಳು. ಆಗ ಐವರನ್ನು ಕೂಡಿಸಲು ಯಾರೂ ಕಾಯಬೇಕಾಗಲಿಲ್ಲ. ಇಡೀ ಓಣಿಯೇ ಟೆಂಪೋ ಹತ್ತಿತು.

ಹೊಟ್ಟೆಬೇನೆ ತಾಳಲಾರದೆ ತಾನೇ ಜೀವ ತೆಗೆದುಕೊಂಡಳು ಎಂದು ರೇವಣ ಹೇಳಿಕೆ ಕೊಟ್ಟ. ಹೊಟ್ಟೆಬೇನೆಯಂತೆ! ಆ ಹುಡುಗಿಯ ಮೊಣಕೈ ಮೇಲಿನ ಬಾಸುಂಡೆ ಹೊಟ್ಟೆಬೇನೆಯಿಂದ ಬಂದಿತ್ತೇನು? ಬಾಸುಂಡೆ ಹಳೆಯದು, ಬಿದ್ದದ್ದು ಎಂದು ಅದಕ್ಕೂ ಒಂದು ಮಾತು ಸಿದ್ಧವಿತ್ತು.

ಮರುದಿನ ಠಾಣೆಯಲ್ಲಿ ಅಧಿಕಾರಿ ಯಮನಮ್ಮನನ್ನು ಕೇಳಿದ, “ಕಾಟ ಕೊಡ್ತಾರಂತ ಮಗಳು ಏನಾದ್ರೂ ಹೇಳಿದ್ಲೇನವ್ವ? ನಿನ್ನೆ, ಮೊನ್ನೆ?”

ಯಮನಮ್ಮ ಕಣ್ಣೊರೆಸಿಕೊಂಡಳು. “ನಿನ್ನಿ ಮುಂಜಾನಿ ಫೋನ್ ಮಾಡಿದ್ಲಂತ್ರಿ. ಸಣ್ಣ ಜಗಳಂತ. ಅಳಾಕತ್ತಿದ್ದಿಲ್ಲಂತ್ರಿ.”

ಅಧಿಕಾರಿ ಬರೆದುಕೊಂಡ. ಎರಡು ಮೊಳ ದೂರದಲ್ಲಿ ಚಂದಮ್ಮ ನಿಂತಿದ್ದಳು. ಯಮನಮ್ಮ ಹೆಬ್ಬೆಟ್ಟು ಒತ್ತಿದಳು.

ರೇವಣನನ್ನು ಎರಡು ದಿನ ಕೂಡಿಸಿ ಬಿಟ್ಟುಬಿಟ್ಟರು. ಚಂದಮ್ಮ ಊಟ ಬಿಟ್ಟಳು. ಗಂಡ ಮಲ್ಲಣ್ಣ, “ಏನಾಗ್ಯಾದ ಅಂತ ಬಾಯಿ ಬಿಟ್ಟು ಹೇಳು,” ಅಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಯಮನಮ್ಮ ದಿನಾ ಬಂದು ಆಕೆಯ ಹತ್ತಿರವೇ ಕುಳಿತು ಅಳುತ್ತಿದ್ದಳು. “ನೀ ಇದ್ದೀ ಅಂತ ನಾ ಬದುಕೀನಕ್ಕಾ,” ಅನ್ನುತ್ತಿದ್ದಳು. ಅದನ್ನು ಕೇಳುತ್ತ ಕೂಡುವುದು ಎಂಥ ಶಿಕ್ಷೆ.

ನಲವತ್ತು ದಿನದ ಮೇಲೆ, ಸಂಘದ ಕೆಲಸಗಳನ್ನು ನೋಡುತ್ತಿದ್ದ ಕಲಬುರಗಿಯ ಜೇವರ್ಗಿ ಕಾಲೋನಿಯ ವಕೀಲೆ ಶೀಲಾ ಚಂದಮ್ಮನನ್ನು ಕರೆಸಿಕೊಂಡಳು.

“ಕೇಸು ಮುಚ್ಚಲಿಕ್ಕೆ ಹೊಂಟಾರ ಚಂದಮ್ಮಾರ. ಫೋನ್ ಬಂದದ್ದು ದಾಖಲೆಯೊಳಗ ಅದ. ಆದ್ರ ಏನು ಮಾತಾಡಿದ್ಲು ಅಂತ ನಿಮಗೊಬ್ಬರಿಗೇ ಗೊತ್ತು. ಖರೇನೇ ಸಣ್ಣ ಜಗಳ ಅಂತ ಅಷ್ಟೇ ಅಂದ್ಲೇನು?”

ಚಂದಮ್ಮ ಎದ್ದು ಬಸ್ಸು ಹಿಡಿದು ಊರಿಗೆ ಬಂದು ನೆಟ್ಟಗೆ ಯಮನಮ್ಮನ ಮನೆಗೆ ಹೋದಳು. ಯಮನಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗಂಡ ಮಲ್ಕಪ್ಪ ಹೊಸ್ತಿಲಲ್ಲಿ ಕುಳಿತಿದ್ದ. ನಿಂತಲ್ಲೇ ಚಂದಮ್ಮ ಎಲ್ಲ ಹೇಳಿದಳು. ಹುಡುಗಿ ಅತ್ತದ್ದು, ಈಗಿಂದೀಗ ಕಳಿಸಿ ಅಂದದ್ದು, ಅವ್ವ ಒಬ್ಬಾಕೀನೇ ಬರಲಿ ಅಂದದ್ದು.

ಯಮನಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿದಳು.

“ಹತ್ತೂವರಿಗೆ ಒಂದು ಬಸ್ ಅದಲ್ಲಕ್ಕಾ?”

“ಅದ.”

“ಹನ್ನೆರಡಕ್ಕ?”

“ಅದೂ ಅದ.”

“ಒಂದೂಮುಕ್ಕಾಲಿಗೆ ಬೀದರ್ ಗಾಡಿ. ಅದು ತಪ್ಪಿದ್ರ ಟೆಂಪೋ.” ಆಕೆ ಬೆರಳು ಮಡಿಚುತ್ತ ಹೋದಳು. “ಮುಕ್ಕಾಲು ತಾಸಿನ ಹಾದಿ. ಐದಕ್ಕ ಸತ್ತಾಳ ನನ್ನ ಮಗಳು. ನಾ ನಕ್ಕೋತ ತೊಗರಿ ತುಂಬಾಕತ್ತಿದ್ದೆ.”

ರೊಟ್ಟಿ ಸುಟ್ಟು ಕರಕಾಗಿ ಹೊಗೆ ಎದ್ದಿತು. ಮಲ್ಕಪ್ಪ ಎದ್ದು ಬಂದು ಹಂಚು ಇಳಿಸಿದ.

“ಬೈ ಯಮನೀ,” ಅಂದಳು ಚಂದಮ್ಮ. “ಹೊಡಿ ಬೇಕಾದ್ರ.”

“ನಿನಗ ಬೈದ್ರ ಆಕಿ ಬರ್ತಾಳೇನು? ಹೋಗು. ಪೊಲೀಸರ ಮುಂದ ಹೇಳು. ಮತ್ತ ಈ ಮನಿಗಿ ಬರಬ್ಯಾಡ.”

ಮರುದಿನ ಠಾಣೆಯಲ್ಲಿ ಚಂದಮ್ಮ ಹೇಳಿದ್ದನ್ನೆಲ್ಲ ಅಧಿಕಾರಿ ಬರೆದುಕೊಂಡ. “ಅವತ್ತೇ ಯಾಕ ಹೇಳಲಿಲ್ಲ? ಅವರ ವಕೀಲ ಇದನ್ನೇ ಹಿಡಿದು ಜಗ್ಗುತ್ತಾನ, ಗೊತ್ತದೇನು?” ಅಂದ. ಸಹಿಗೆ ಕಾಗದ ಮುಂದೆ ಸರಿಸಿದ. ಚಂದಮ್ಮ ಓದಿಸಿ ಕೇಳಿದಳು. ಕೇಳಿ, ಪೆನ್ನು ಕೆಳಗಿಟ್ಟಳು.

“ಇನ್ನೊಂದು ಮಾತು ಬರೀರಿ ಸಾಹೇಬ್ರ. ಮಗಳು ಅಳಾಕತ್ತಿದ್ದಿಲ್ಲ ಅಂತ ತಾಯಿಗಿ ನಾನೇ ಸುಳ್ಳು ಹೇಳಿದ್ದೆ ಅಂತ ಬರೀರಿ. ಇಲ್ಲಂದ್ರ ನಾಳೆ ಕೋರ್ಟಿನಾಗ ಆಕಿನ್ನ ನಿಲ್ಲಿಸಿ, ನೀ ಸುಳ್ಳಿ ಅಂತಾರ.”

“ನಿಮ್ಮ ಹೆಸರು ಕೆಡ್ತದವ್ವ.”

“ಬರೀರಿ.”

ಆತ ಬರೆದ. ಚಂದಮ್ಮ ಮೂರನೆಯ ಇಯತ್ತೆಯ ದಪ್ಪ ಅಕ್ಷರಗಳಲ್ಲಿ ಸಹಿ ಮಾಡಿದಳು.

ಆ ವಾರ ರೇವಣನನ್ನು ಹಿಡಿದರು. ಕೇಸು ಇನ್ನೂ ನಡೆದಿದೆ. ತಾರೀಖು ಬಂದಾಗಲೆಲ್ಲ ಯಮನಮ್ಮ, ಚಂದಮ್ಮ ಇಬ್ಬರೂ ಮಹಾಗಾಂವ ಕ್ರಾಸಿನಲ್ಲಿ ಒಂದೇ ಬಸ್ಸು ಹತ್ತುತ್ತಾರೆ. ಯಮನಮ್ಮ ಮುಂದಿನ ಸೀಟಿನಲ್ಲಿ ಕೂಡುತ್ತಾಳೆ. ಚಂದಮ್ಮ ಹಿಂದೆ, ಜಾಗವಿದ್ದರೂ ಕಲಬುರಗಿ ಬರುವವರೆಗೆ ನಿಂತೇ ಇರುತ್ತಾಳೆ.