ಮಾವನ ಹಕ್ಕಿಗಳ ಬಣ್ಣ

ಮಾವನ ಎಡಗಣ್ಣಿನ ಸುತ್ತ ಬಲಗಣ್ಣಿಗಿಂತ ಹೆಚ್ಚು ನೆರಿಗೆಗಳಿದ್ದವು. ಬಲಗಣ್ಣನ್ನು ಕ್ಯಾಮರಾಕ್ಕೆ ಒತ್ತಿ, ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು ಹೊಳೆಯ ಕೆಸರಿನ ಬದಿಯಲ್ಲಿ ಕೂತು ಕೂತು ಬಂದ ನೆರಿಗೆಗಳು ಅವು. ಒಂದು ಬದಿಯಿಂದ ನೋಡಿದರೆ ಅಪ್ಪನಿಗೆ ಐವತ್ತು, ಇನ್ನೊಂದು ಬದಿಯಿಂದ ಎಪ್ಪತ್ತು ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಬಂದರಿನಲ್ಲಿ ಒಣಮೆಣಸಿನ ಸಗಟು ಅಂಗಡಿ ಇಟ್ಟುಕೊಂಡಿದ್ದವರು ಅವರು. ಅತ್ತೆ ತೀರಿಕೊಂಡ ಮೇಲೆ ಅಂಗಡಿಯನ್ನು ತಮ್ಮನಿಗೆ ವಹಿಸಿ, ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ಮಗನಿಂದ, ಅಂದರೆ ನನ್ನ ಗಂಡನಿಂದ, ಒಂದು ಕ್ಯಾಮರಾ ತರಿಸಿಕೊಂಡರು. ಮಗಳು ಮದುವೆಯಾಗಿ ಮುಂಬಯಿಯಲ್ಲಿ. ಹಾಗಾಗಿ ನಂತೂರಿನ ಮನೆಯಲ್ಲಿ ಹೆಚ್ಚಿನ ದಿನ ನಾವಿಬ್ಬರೇ. ಹೊರಗೆ ಹೆದ್ದಾರಿಯ ಲಾರಿಗಳ ಸದ್ದು, ಒಳಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾವ ಹಕ್ಕಿಗಳ ಫೋಟೋ ತಿದ್ದುವುದು. ಊರಿನ ಹಕ್ಕಿ ಫೋಟೋದವರ ಒಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಬೆಳಿಗ್ಗೆ ಒಂದು ಫೋಟೋ ಹಾಕಿ, ಯಾರು ಏನು ಹೇಳಿದರು ಎಂದು ಚಹಾ ಕುಡಿಯುತ್ತ ನನಗೆ ಓದಿ ಹೇಳುವುದು ಅವರ ದಿನದ ಸುಖ.

ಒಂದು ಬೆಳಿಗ್ಗೆ ಅವರು ಏನೂ ಓದಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಫೋನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇದನ್ನೊಮ್ಮೆ ನೋಡು ಮಾರಾಯ್ತಿ. ಇದರಲ್ಲಿ ತಪ್ಪು ಎಂತ ಉಂಟು?"

ಬೆಳ್ಳಕ್ಕಿಯ ಫೋಟೋ. ಕೆಸರಿನಲ್ಲಿ ಒಂದು ಕಾಲು ಎತ್ತಿ ನಿಂತದ್ದು. ತುಂಬ ಚೆನ್ನಾಗಿತ್ತು, ಆದರೆ ಹಕ್ಕಿ ಬೆಳ್ಳಗಿರಲಿಲ್ಲ. ಕೆಳಗೆ ಒಬ್ಬರು ಬರೆದಿದ್ದರು: "ಬೆಳ್ಳಕ್ಕಿಗೆ ಓಕುಳಿ ಎರಚಿದ್ದು ಯಾರು ಮಾರಾಯ್ರೆ?" ಅದರ ಕೆಳಗೆ ನಗುವ ಮುಖಗಳ ಸಾಲು.

"ಮಾವ, ಇದು ಗುಲಾಬಿ ಬಣ್ಣ ಆಗಿದೆಯಲ್ಲ" ಎಂದೆ.

"ಗುಲಾಬಿಯಾ?" ಎಂದರು. ಕುರ್ಚಿ ಎಳೆದು ಕೂತರು. ಫೋಟೋವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ನನಗೆ ಬಿಳಿಯೇ ಕಾಣೋದು."

ಅವರಿಗೆ ಕೆಂಪು, ಹಸಿರು ಸರಿಯಾಗಿ ಕಾಣುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಶಾಲೆಯಲ್ಲಿ ಎಲೆಗೆ ಕಂದು ಬಣ್ಣ ಬಳಿದು ಪೆಟ್ಟು ತಿಂದ ಮೇಲೆ ಯಾರಿಗೂ ಹೇಳಿರಲಿಲ್ಲವಂತೆ. ಅತ್ತೆಗೂ.

"ಮತ್ತೆ ಮೆಣಸಿನ ವ್ಯಾಪಾರ ಹೇಗೆ ಮಾಡಿದ್ರಿ?"

"ಮುರಿದು ಮೂಗಿಗೆ ಹಿಡೀತಿದ್ದೆ. ಬಣ್ಣ ಭಾರಿ ಲಾಯ್ಕುಂಟು ಅಂತ ಗಿರಾಕಿಯೇ ಹೇಳ್ತಿದ್ದ. ಹೌದು ಹೌದು ಅಂತಿದ್ದೆ."

ಅದಕ್ಕೆ ಇಬ್ಬರೂ ನಕ್ಕೆವು. ಆದರೆ ಆ ಸಂಜೆ ಅವರು ಕ್ಯಾಮರಾವನ್ನು ಒರೆಸಿ, ಚೀಲಕ್ಕೆ ಹಾಕಿ, ಕಪಾಟಿನ ಮೇಲೆ ಇಟ್ಟುಬಿಟ್ಟರು. "ಹಕ್ಕಿ ಹೇಗೆ ಉಂಟೋ ಹಾಗೆ ತೋರಿಸ್ಬೇಕು. ನನಗೇ ಕಾಣದ್ದನ್ನು ಇನ್ನೊಬ್ಬರಿಗೆ ಎಂತ ತೋರಿಸೋದು?" ಎಂದರು. ಮಾರನೆಯ ದಿನ, ಅದರ ಮಾರನೆಯ ದಿನ ಅವರು ಹೊಳೆಯ ಕಡೆ ಹೋಗಲಿಲ್ಲ. ವರಾಂಡದಲ್ಲಿ ಕೂತು ಲಾರಿಗಳನ್ನು ನೋಡಿದರು. ಅತ್ತೆ ಹೋದ ಹೊಸತರಲ್ಲಿ ಅವರು ಹೀಗೇ ಕೂತಿರುತ್ತಿದ್ದರು. ಮತ್ತೆ ಹಾಗಾಗುವುದು ನನಗೆ ಬೇಡವಾಗಿತ್ತು. ಚೀಲ ಇಳಿಸಿ ಅವರ ಮುಂದಿಟ್ಟೆ.

"ಬಣ್ಣ ನಾನು ಹೇಳ್ತೇನೆ. ಉಳಿದದ್ದು ನೀವು ಮಾಡಿ."

"ನಿನಗೆ ಕೆಲಸ ಇಲ್ವಾ?"

"ಒಲೆ ಮೇಲೆ ಪದಾರ್ಥ ಬೇಯುವಷ್ಟು ಹೊತ್ತು ಕೆಲಸ ಇಲ್ಲ."

ಅಂದಿನಿಂದ ಅದು ನಮ್ಮ ಮನೆಯ ಕ್ರಮವಾಯಿತು. ಲ್ಯಾಪ್‌ಟಾಪಿನಲ್ಲಿ ಬಣ್ಣ ಏರಿಸಿ ಇಳಿಸುವ ಗೆರೆಯ ಮೇಲೆ ಒಂದು ಬೊಟ್ಟು ಇರುತ್ತದೆ. ಮಾವ ಅದನ್ನು ಮೆಲ್ಲಗೆ ಎಳೆಯುವುದು, ಪಕ್ಕದಲ್ಲಿ ನಿಂತು ನಾನು ಹೇಳುವುದು. ನಮ್ಮ ಸಿಟಿ ಬಸ್ಸಿನ ಕಂಡಕ್ಟರರು ಬಸ್ಸು ಹಿಂದಕ್ಕೆ ತೆಗೆಸುವಾಗ ತುಳುವಿನಲ್ಲಿ ಬರಲಿ ಬರಲಿ ಎಂದು ಕೂಗುವ ಹಾಗೆ, "ಬರಡ್, ಬರಡ್, ಬರಡ್... ಹೋಲ್ಡಾನ್!" ಮಾವ ತಟ್ಟನೆ ಕೈ ಎತ್ತುತ್ತಿದ್ದರು. "ಇನ್ನು ರೈಟ್ ಹೇಳು, ಗುಂಪಿಗೆ ಕಳಿಸ್ತೇನೆ." ಹಸಿರೆಂದರೆ ಯಾವ ಹಸಿರು ಎಂದು ಜಗಳವಾಗುತ್ತಿತ್ತು. ಬಸಳೆಯ ಹಸಿರು ಎಂದರೆ, ಎಳೆಯದ್ದೋ ಬಲಿತದ್ದೋ ಎಂದು ಕೇಳುತ್ತಿದ್ದರು. ಎರಡೂ ಅವರಿಗೆ ಕಾಣುವುದು ಒಂದೇ ರೀತಿ, ಆದರೂ ಕೇಳುತ್ತಿದ್ದರು.

ಬೆಳಕು, ಅಳತೆ, ಯಾವುದನ್ನು ಉಳಿಸುವುದು, ಯಾವುದನ್ನು ಕತ್ತರಿಸುವುದು ಅವರದೇ ತೀರ್ಮಾನ. ಅಲ್ಲಿ ನಾನು ಬಾಯಿ ಹಾಕುವಂತಿಲ್ಲ. ಒಮ್ಮೆ ಮಿಂಚುಳ್ಳಿಯ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಾಟ್ಲಿ ಬಿದ್ದಿತ್ತು. ಅದನ್ನು ಅಳಿಸಿದರೆ ಚೆಂದ ಎಂದೆ. "ಅದನ್ನು ಬಿಸಾಡಿದ್ದು ನಾವು, ಹಕ್ಕಿ ಅಲ್ಲ. ಇರ್ಲಿ ಅದು" ಎಂದರು.

ಬಿಳಿಗರುಡನ ತಲೆ, ಎದೆ ಬಿಳಿ; ಅದರ ಕೆಂಗಂದು ಬೆನ್ನಿನ ಬಣ್ಣದಲ್ಲಿ ಮಾತ್ರ ನಾನು ಸಿಕ್ಕಿಕೊಂಡೆ. ಎಷ್ಟು ಎಳೆಸಿದರೂ ನನಗೆ ಒಪ್ಪಿಗೆಯಾಗಲಿಲ್ಲ. ಮಾವ ಬೊಟ್ಟಿನಿಂದ ಕೈ ತೆಗೆದು ನನ್ನನ್ನೇ ನೋಡಿದರು.

"ನೀನು ಗರುಡನನ್ನು ಸರಿಯಾಗಿ ನೋಡಿದ್ದೀಯಾ?"

"ಆಕಾಶದಲ್ಲಿ ನೋಡಿದ್ದೇನೆ."

"ಆಕಾಶದಲ್ಲಿ ವಿಮಾನವನ್ನೂ ನೋಡಿದ್ದಿ. ನಾಳೆ ಹೊರಡು."

ಮರುದಿನ ಬಂದರಿನಿಂದ ದೋಣಿಯಲ್ಲಿ ಹೊಳೆಯಾಚೆಯ ಬೆಂಗ್ರೆಗೆ ದಾಟಿದೆವು. ಮದುವೆಯಾಗಿ ಈ ಊರಿಗೆ ಬಂದು ಅಷ್ಟು ವರ್ಷವಾದರೂ ನಾನು ಆ ದಡ ನೋಡಿರಲಿಲ್ಲ. ಅಲ್ಲಿ ಬಲೆ ಸರಿಮಾಡುತ್ತಿದ್ದ ಬ್ಯಾರಿ ಕಾಕ ಒಬ್ಬರು ಮಾವನಿಗೆ ಹಳೆಯ ಪರಿಚಯ. ನನ್ನನ್ನು ಕಂಡು, "ಎಂತ ಸಾವ್ಕಾರ್ರೆ, ಇವತ್ತು ಇನ್‌ಸ್ಪೆಕ್ಟರನ್ನೂ ಕರ್ಕೊಂಡು ಬಂದಿದ್ದೀರಿ?" ಎಂದರು.

ಮಾವ ಕ್ಯಾಮರಾದ ಚೀಲವನ್ನು ಹೆಗಲಿನಿಂದ ಇಳಿಸಿದರು. ಆಮೇಲೆ, "ನನಗೆ ಕೆಂಪು ಹಸಿರು ಕಾಣೋದಿಲ್ಲ ಕಾಕ. ಇವಳು ನೋಡಿ ಹೇಳ್ತಾಳೆ" ಎಂದರು.

ಕಾಕ ಬಲೆಯಿಂದ ತಲೆ ಎತ್ತಲಿಲ್ಲ. "ನನಗೆ ಹತ್ತಿರದ್ದು ಯಾವುದೂ ಕಾಣೋದಿಲ್ಲ. ಈ ಸೂಜಿಗೆ ನೂಲು ಹಾಕಿ ಕೊಡ್ಲಿ ನಿಮ್ಮ ಸೊಸೆ, ಆಮೇಲೆ ಹಕ್ಕಿ ನೋಡ್ಬಹುದು" ಎಂದರು.

ನಾನು ನೂಲು ಹಾಕಿ ಕೊಟ್ಟೆ. ಮೀನಿನ ದೋಣಿಗಳ ಮೇಲೆ ಗರುಡಗಳು ನಮ್ಮ ತಲೆಗೆ ತಾಗುವಷ್ಟು ಕೆಳಗೆ ಸುತ್ತುತ್ತಿದ್ದವು. ಒಂದು ನಮ್ಮ ಎದುರಿನ ಗೂಟದ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿತು. ಮಾವ ಫೋಟೋ ತೆಗೆಯಲಿಲ್ಲ. "ನೋಡು, ಚೆನ್ನಾಗಿ ನೋಡಿಕೋ" ಎಂದು ಮೆಲ್ಲಗೆ ಹೇಳುತ್ತ, ಹಕ್ಕಿ ಹಾರುವ ತನಕ ಅಲ್ಲಾಡದೆ ನಿಂತರು. ನಾನು ಅದುವರೆಗೆ ಯಾವುದನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

ಮನೆಗೆ ಬಂದು ಬಣ್ಣ ಸರಿಮಾಡಿ ಕಳಿಸಿದ, ಮೊದಲು ತೆಗೆದಿದ್ದ ಗರುಡನ ಫೋಟೋವನ್ನು ಗುಂಪಿನಲ್ಲಿ ಎಲ್ಲರೂ ಮೆಚ್ಚಿದರು. ಓಕುಳಿಯ ಮಾತು ಬರೆದಿದ್ದವರೇ, "ಬಣ್ಣ ಪಕ್ಕಾ ಉಂಟು ಸಾರ್, ಯಾವ ಸಾಫ್ಟ್‌ವೇರ್?" ಎಂದು ಕೇಳಿದರು. ಮಾವ ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರ ಒತ್ತಿ, ತುಂಬ ಹೊತ್ತು ತೆಗೆದುಕೊಂಡು ಬರೆದರು. ಕಳಿಸಿದ ಮೇಲೆ ನನಗೆ ತೋರಿಸಿದರು: "ಸಾಫ್ಟ್‌ವೇರ್ ಅಲ್ಲ, ಸೊಸೆ. ನನಗೆ ಹುಟ್ಟಿನಿಂದ ಬಣ್ಣ ಸರಿಯಾಗಿ ಕಾಣುವುದಿಲ್ಲ."

ಆ ಬೆಳಿಗ್ಗೆ ಅವರು ಎರಡು ಸಲ ಚಹಾ ಕೇಳಿ ಕುಡಿದರು.

ಕಳೆದ ವರ್ಷ ಒಂದು ಮಧ್ಯಾಹ್ನ, ಊಟವಾಗಿ ಮಲಗಿದವರು ಏಳಲಿಲ್ಲ. ನೋವಿಲ್ಲದೆ ಹೋದರು ಎಂದು ಡಾಕ್ಟರು ಹೇಳಿದರು. ಮಸ್ಕತ್ತಿನಿಂದ, ಮುಂಬಯಿಯಿಂದ ಮಕ್ಕಳು ಬಂದರು. ಉತ್ತರಕ್ರಿಯೆಯ ದಿನ ಇಡಲು ಫೋಟೋ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಸ್ಟುಡಿಯೋದವರು ಫೋಟೋ ತಯಾರಿಸಿ ಇಟ್ಟಿದ್ದರು. ಹಿಂದೆ ನೀಲಿ ಆಕಾಶ, ಮುಂದೆ ಹಾಲಿನಂತೆ ಬೆಳ್ಳಗಾದ ಮಾವ. ಯಾರದೋ ಮನೆಯ ಯಜಮಾನರ ಹಾಗೆ ಕಂಡರು.

"ಇದು ಅವರ ಬಣ್ಣ ಅಲ್ಲ" ಎಂದೆ.

"ಎಲ್ಲರಿಗೂ ಹೀಗೇ ಮಾಡೋದು ಅಕ್ಕ. ಹೋದವರು ಸ್ವಲ್ಪ ಬೆಳ್ಳಗೆ ಕಂಡರೆ ಮನೆಯವರಿಗೆ ಖುಷಿ."

"ನಮಗೆ ಬೇಡ. ತೆಗೀರಿ ಅದನ್ನು."

ನಾನು ಕುರ್ಚಿ ಎಳೆದು ಅವರ ಪಕ್ಕದಲ್ಲೇ ಕೂತೆ. ಅವರು ಸ್ವಲ್ಪ ಸ್ವಲ್ಪವಾಗಿ ಬಿಳುಪು ಇಳಿಸಿದರು. ಸಾಕಾ ಎಂದು ಕೇಳಿದಾಗಲೆಲ್ಲ ಇನ್ನೂ ಎಂದೆ. ಹೊಳೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ಕೂತ ಮನುಷ್ಯನ ಬಣ್ಣ ಅದು. ನನ್ನಷ್ಟು ಹತ್ತಿರದಿಂದ ಅದನ್ನು ನೋಡಿದವರು ಯಾರೂ ಉಳಿದಿರಲಿಲ್ಲ.

"ಅಕ್ಕ, ಆಮೇಲೆ ನಿಮ್ಮ ಮನೆಯವರು ನನಗೆ ಬೈತಾರೆ."

"ಸೊಸೆ ಮಾಡಿಸಿದ್ದು ಅಂತ ಹೇಳಿ."

ಕ್ರಿಯೆಯ ದಿನ ಮುಂಬಯಿಯ ನಾದಿನಿ ಹೂವಿನ ಮಾಲೆ ಹಿಡಿದು ಫೋಟೋದ ಎದುರು ಬಂದವಳು ಹಾಗೇ ನಿಂತಳು.

"ಅಪ್ಪ ಇಷ್ಟು ಕಪ್ಪಿದ್ರಾ ಅತ್ತಿಗೆ?" ಎಂದು ಕೇಳಿದಳು.

ಅವಳು ನೋಡುತ್ತಲೇ ಇದ್ದಳು. ಆಮೇಲೆ, "ಹೌದು, ಇದ್ರು" ಎಂದು ಮಾಲೆ ಹಾಕಿದಳು.