ಬೀಗರ ಮನೆಯ ಕೊಳೆನೀರು

ನಮ್ಮ ತೊಕ್ಮೊಕ್ ಊರಿನಲ್ಲಿ ಬುರುಲ್ ಅಕ್ಕನನ್ನು ಕಂಡರೆ ಕಾರ್ಖಾನೆಯವರು ಗೇಟು ಹಾಕಿಕೊಳ್ಳುತ್ತಾರೆ. ಜಲಮಂಡಳಿಯ ಇನ್‌ಸ್ಪೆಕ್ಟರ್ ಅವಳು. ಯಾವ ಕಾರ್ಖಾನೆ ಊರಿನ ಒಳಚರಂಡಿಗೆ ಏನು ಬಿಡುತ್ತಿದೆಯೆಂದು ಬಾಟಲಿ ಹಿಡಿದು ಹುಡುಕುವುದೇ ಕೆಲಸ. ಹತ್ತೊಂಬತ್ತು ವರ್ಷದಿಂದ ಅವಳ ವ್ಯಾನ್ ಓಡಿಸುತ್ತಿರುವ ನನ್ನ ಮೂಗು ಸತ್ತು ಯಾವ ಕಾಲವಾಯಿತೋ. ಅಕ್ಕನ ಗಂಡ ಎಸೆನ್ ಅದೇ ಮಂಡಳಿಯಲ್ಲಿ ಮ್ಯಾನ್‌ಹೋಲಿಗೆ ಇಳಿದು ಕಟ್ಟಿಕೊಂಡಿದ್ದನ್ನು ಬಿಡಿಸುವವನು. ಅವಳು ಮೇಲೆ, ಅವನು ಕೆಳಗೆ. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಕಳೆದ ವರ್ಷ ಮಗಳು ಮೀರಿಮ್‌ಳನ್ನು ಚರ್ಮ ಹದಮಾಡುವ ಕಾರ್ಖಾನೆಯ ತುರ್ದುಬೆಕ್‌ನ ಮನೆಗೆ ಸೊಸೆಯಾಗಿ ಕೊಟ್ಟರು. ಊರಲ್ಲಿ ಗಂಡುಗಳಿಗೆ ಬರವೇ ಎಂದು ಕೇಳಿದ್ದೆ. "ಹುಡುಗಿ ಒಪ್ಪಿದ್ದಾಳೆ, ನೀನು ಗಾಡಿ ಓಡ್ಸು," ಎಂದಿದ್ದಳು ಅಕ್ಕ.

ಈ ವಸಂತದಲ್ಲಿ ಬೀಗರ ಬೀದಿಯ ಮ್ಯಾನ್‌ಹೋಲಿಗೆ ಇಳಿದ ಎಸೆನ್ ಪ್ರಜ್ಞೆತಪ್ಪಿ ಬಿದ್ದ. ಸೊಂಟಕ್ಕೆ ಹಗ್ಗವಿದ್ದದ್ದರಿಂದ ಬದುಕಿ ಮೇಲೆ ಬಂದ. ಚರ್ಮದ ಕೂದಲು ಉದುರಿಸುವ ಮದ್ದಿನ ನೀರಿಗೆ ಆಮ್ಲದ ನೀರು ಕೂಡಿದರೆ ಕೊಳೆತ ಮೊಟ್ಟೆಯ ನಾತದ ವಿಷಗಾಳಿ ಏಳುತ್ತದೆ. ಆ ಬೀದಿಯಲ್ಲಿ ಎರಡನ್ನೂ ಬಿಡುವವನು ಒಬ್ಬನೇ. ಎರಡು ವಾರಕ್ಕೆ ಚರಂಡಿ ಮತ್ತೆ ಅಲ್ಲೇ ಕಟ್ಟಿಕೊಂಡಿತು. ಮರುದಿನ ಎಸೆನ್ ಇಳಿಯಬೇಕು.

ಅದಕ್ಕೇ ಬಾಟಲಿ ಹಿಡಿದು ಬೀಗರ ಮನೆಗೆ ಹೋದೆವು. ಕಾರ್ಖಾನೆ ಹಿತ್ತಿಲಿಗೇ ಅಂಟಿಕೊಂಡಿದೆ. ನೀರನ್ನು ಮಾಲೀಕನ ಎದುರೇ ತುಂಬಿಕೊಳ್ಳಬೇಕೆಂಬುದು ಕಾನೂನು. ಬೀಗರಿಗೆ ಚಹಾ ಕುಡಿಸದೆ ಕಳಿಸಬಾರದೆಂಬುದು ಅದಕ್ಕಿಂತ ದೊಡ್ಡ ಕಾನೂನು. ತುರ್ದುಬೆಕ್‌ಗೆ ಎರಡೂ ಬಾಯಿಪಾಠ.

"ನೀರೆಲ್ಲಿ ಓಡಿಹೋಗುತ್ತೆ ಬೀಗರೇ, ಕೂತ್ಕೊಳ್ಳಿ. ರೊಟ್ಟಿ ಮುರೀರಿ."

"ಓಡಿಹೋಗುತ್ತೆ ಅಂತಾನೇ ಬಂದಿರೋದು," ಎನ್ನುತ್ತಲೇ ಬುರುಲ್ ಅಕ್ಕ ಕೂತಳು. ಮುಖಕ್ಕೆ ಹೊಡೆದಂತೆ ಎದ್ದುಹೋದರೆ ಆಮೇಲೆ ಅನುಭವಿಸುವವಳು ಮಗಳು.

ತುರ್ದುಬೆಕ್ ಕುದುರೆ ಮಾರಿದ ಕತೆ ಶುರುಮಾಡಿದ. ಅಷ್ಟರಲ್ಲಿ ಹಿಂದೆ ಆಳುಗಳು ಕೊಳೆ ಕೊಚ್ಚಿಹೋಗಲೆಂದು ತಿಳಿನೀರಿನ ನಲ್ಲಿಗಳನ್ನೆಲ್ಲ ತಿರುಗಿಸಲು ಹೊರಟಿರುತ್ತಾರೆಂದು ನನಗೆ ಗೊತ್ತು. ಅರ್ಧ ಗಂಟೆ ಕಳೆದರೆ ಆ ಚರಂಡಿಯಲ್ಲಿ ಮಗುವಿಗೆ ಸ್ನಾನ ಮಾಡಿಸಬಹುದು.

ಮೀರಿಮ್ ಚಹಾ ಬಗ್ಗಿಸಿದಳು. ನಮ್ಮಲ್ಲಿ ಬಟ್ಟಲಿಗೆ ಅರ್ಧ ಬಗ್ಗಿಸಿದರೆ ಇನ್ನೂ ಕೂತಿರಿ ಎಂದರ್ಥ. ಅಂಚಿನವರೆಗೆ ತುಂಬಿಸಿದರೆ, ಕುಡಿದು ಹೊರಡಿ. ಮಾವನಿಗೂ ನನಗೂ ಅರ್ಧ. ಅಮ್ಮನ ಬಟ್ಟಲು ತುಂಬಿ ಚೆಲ್ಲಿತು.

ತುರ್ದುಬೆಕ್ ಕೆಂಪಾದ. "ಲೇ ಹುಡುಗಿ, ಹೆತ್ತವಳನ್ನೇ ಎಬ್ಬಿಸ್ತೀಯಾ?"

"ಇಷ್ಟು ಅವಮಾನ ಆದ್ಮೇಲೆ ಇನ್ನೇನು ಕೂರೋದು," ಎಂದವಳೇ ಬುರುಲ್ ಅಕ್ಕ ಬಾಟಲಿ ಎತ್ತಿಕೊಂಡು ಹಿತ್ತಿಲಿಗೆ ಓಡಿದಳು. ತೊಂಬತ್ತು ಕಿಲೋ ಹೆಂಗಸು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಹಿಂದೆಯೇ ತುರ್ದುಬೆಕ್, ಒಂದೇ ಕಾಲಿಗೆ ಚಪ್ಪಲಿ. ಹಾಗಾಗಿ ಕಾನೂನಿನ ಪ್ರಕಾರ ಮಾಲೀಕನೂ ಹಾಜರಾದ. ಕಾರ್ಖಾನೆಯ ಕೊನೆಯ ಗುಂಡಿಯ ಮುಚ್ಚಳ ತೆಗೆದೆ. ಹಸಿರು ನೊರೆ, ಕಣ್ಣುರಿಸುವ ನಾತ. ನಲ್ಲಿ ನೀರು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಬಾಟಲಿಗೆ ಸೀಲ್ ಬಿತ್ತು. ಪರೀಕ್ಷೆ ಮುಗಿಯುವವರೆಗೆ ಕಾರ್ಖಾನೆಯ ಕೊಳವೆಗೂ ಬಿತ್ತು.

"ಮನೆಮುರುಕಿ ಸೊಸೆ," ಎಂದು ಗೊಣಗುತ್ತಾ ತುರ್ದುಬೆಕ್ ಸಹಿ ಹಾಕಿದ.

ಬುರುಲ್ ಅಕ್ಕ ಹೆದರಿದ್ದನ್ನು ಆಗ ಮೊದಲು ನೋಡಿದೆ. "ಮೀರಿಮ್, ಚಪ್ಪಲಿ ಮೆಟ್ಕೊಂಡು ವ್ಯಾನ್ ಹತ್ತು. ಮನೆಗೆ ಹೋಗೋಣ."

ಮೀರಿಮ್ ಕೆಟಲ್ ಹಿಡಿದೇ ಬಂದು ನಿಂತಿದ್ದಳು. ಮಾವನ ಎದುರು ಎಂದೂ ದನಿ ಎತ್ತಿದವಳಲ್ಲ, ಆಗಲೂ ಎತ್ತಲಿಲ್ಲ.

"ನಾನು ಬಂದುಬಿಟ್ರೆ, ನಲ್ಲಿ ಯಾವಾಗ ತಿರುಗಿಸ್ತಾರೆ ಅಂತ ನಿಂಗೆ ಯಾರು ಹೇಳ್ತಾರಮ್ಮಾ? ಕೆಳಗಿಳಿಯೋದು ನಮ್ಮಪ್ಪ. ನಾನು ಇಲ್ಲೇ ಇರ್ತೀನಿ."